ಎರಡನೆಯ ಗೆರೆ

ಹೊಂಗಡಹಳ್ಳ
6 ಮಾರ್ಚ್ 2025

ರೀ,

ನೀವು ಹೋದ ಮೇಲೆ ನಾನೂ ಅತ್ತೆಯೂ ಇನ್ನೂ ಜಗಳವಾಡಿಲ್ಲ. ಇದಕ್ಕಿಂತ ದೊಡ್ಡ ಕ್ಷೇಮಸಮಾಚಾರ ಬೇಕೇ?

ನಿನ್ನೆ ನಿಮ್ಮ ಬಸ್ಸು ತಿರುವು ದಾಟುವುದನ್ನೇ ಕಾಯುತ್ತಿದ್ದವರ ಹಾಗೆ ಅತ್ತೆ ಕೇಳಿದರು, "ಹಾಸನದ್ ಡಾಕ್ಟ್ರಮ್ಮ ಏನಂದ್ರು?" ಮೊಟ್ಟೆ ಚೆನ್ನಾಗಿ ಬಲಿತಿದೆ, ಅದು ಹೊರಗೆ ಬರಲು ಇಂಜೆಕ್ಷನ್ ಕೊಟ್ಟಿದ್ದಾರೆ, ಈಗ ದಿನಾ ಮಾತ್ರೆ, ಇಪ್ಪತ್ತನೇ ತಾರೀಕು ರಕ್ತ ಪರೀಕ್ಷೆ ಎಂದೆ. ಅಲ್ಲಿಯವರೆಗೆ ನೀನಾಗಿಯೇ ಏನನ್ನೂ ಪರೀಕ್ಷೆ ಮಾಡಿಕೊಳ್ಳಬೇಡ ಎಂದು ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದೆ. ಅತ್ತೆಗೆ ರಕ್ತ ಪರೀಕ್ಷೆ ಯಾಕೆ ಬೇಕು? ನಿಮ್ಮ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಪಕ್ಕದ ಕೋಣೆಯಲ್ಲಿ ಕೂರಬೇಕು, ಒಲೆ ಮುಟ್ಟಬಾರದು. ಬೆಳಗ್ಗೆ ಕಾಫಿ ನಾನು ಕಾಸಿದರೆ ಒಂದು ಅರ್ಥ, ಅತ್ತೆ ಕಾಸಿದರೆ ಇನ್ನೊಂದು. ಐದು ವರ್ಷದಿಂದ ಹುಲಿಯಮ್ಮ ಬೇಲಿ ಆಚೆ ನಿಂತು ನಮ್ಮ ಒಲೆಯ ಮುಂದೆ ಯಾರಿದ್ದಾರೆಂದು ನೋಡುತ್ತಾಳೆ. ಅತ್ತೆ ಕಂಡರೆ ಸಾಕು, "ಈ ತಿಂಗ್ಳೂ ಇಲ್ವೇನೇ ಸುಮಿತ್ರಕ್ಕ?" ಎಂದು ಕೇರಿಗೆಲ್ಲ ಕೇಳುವಂತೆ ಕೂಗುತ್ತಾಳೆ. ನಾನು ಆಶಾ ಕಾರ್ಯಕರ್ತೆಯಾಗಿ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ಹೆಂಗಸರ ಮುಟ್ಟಿನ ದಿನ ಕೇಳುವಾಗ ಬಾಗಿಲು ಹಾಕಿಕೊಂಡು ಕೇಳುತ್ತೇನೆ. ನನ್ನದು ಮಾತ್ರ ಊರಿಗೇ ಕ್ಯಾಲೆಂಡರ್.

ಇದು ಮೂರನೇ ಸಲ. ಈ ಸಲವೂ ಆಗದಿದ್ದರೆ ಸ್ವಲ್ಪ ಕಾಲ ಎಲ್ಲ ನಿಲ್ಲಿಸೋಣ ಎಂದಿದ್ದಾರೆ ಡಾಕ್ಟರಮ್ಮ. ಆಗಬೇಕು ರೀ. ಇನ್ನೊಂದು ತಿಂಗಳು ಆ ಕೋಣೆಯಲ್ಲಿ ಕೂತು ಹುಲಿಯಮ್ಮನ ಪ್ರಶ್ನೆ ಕೇಳಿಸಿಕೊಳ್ಳಲು ನನ್ನಿಂದಾಗದು.

ನಿಮ್ಮ ಕಾಡಿನ ಸ್ಟೇಷನ್ನಿನಲ್ಲಿ ಮೊಬೈಲ್ ಸಿಗುವುದಿಲ್ಲ ಎಂದು ರೈಲ್ವೆ ಫೋನಿಗೆ ಕರೆಸಬೇಡಿ. ಹೋದ ವರ್ಷ ನಾನು ಸಕಲೇಶಪುರ ಸ್ಟೇಷನ್ನಿಗೆ ಬಂದಾಗ ನೀವು ಆ ಫೋನಿನಲ್ಲಿ "ಮಾತ್ರೆ ತಗೊಂಡ್ಯಾ?" ಎಂದದ್ದನ್ನು ಘಾಟಿಯ ಅಷ್ಟೂ ಸ್ಟೇಷನ್ನಿನವರು ಕೇಳಿಸಿಕೊಂಡರು. ಗಾರ್ಡ್ ಗುರು ಅಣ್ಣನ ಗೂಡ್ಸ್ ಗಾಡಿಯೇ ಸಾಕು, ಪತ್ರ ಬರೆಯಿರಿ. ಯಾರಿಗೂ ಹೇಳಬೇಡಿ.

ನಿಮ್ಮ
ಹೇಮಶ್ರೀ


ಎಡಕುಮೇರಿ
9 ಮಾರ್ಚ್ 2025

ಹೇಮಾ,

ನಿನ್ನ ಪತ್ರವನ್ನು ಗುರು ಗಾರ್ಡ್ ಡಬ್ಬಿಯಿಂದಲೇ ಕೈಚಾಚಿ ಕೊಟ್ಟ. ಅಲ್ಲೇ ನಿಂತು ಓದುತ್ತಿದ್ದೆ. ಭೂತಯ್ಯ ಬಂದು, "ಏನ್ ನಟರಾಜಪ್ಪ, ಗಾಡಿ ಹೋಗಿ ಎಷ್ಟೊತ್ತಾಯ್ತು, ಇನ್ನೂ ಬಾವುಟ ಹಿಡ್ಕಂಡೇ ನಿಂತಿದೀಯಲ್ಲೋ ಮಾರಾಯ" ಎಂದು ನಕ್ಕ. ಹಳಿ ನೋಡಿಕೊಳ್ಳುವ ಕೆಲಸದಲ್ಲಿ ತಲೆ ಹಣ್ಣಾದ ಮನುಷ್ಯ. ನನ್ನಂತೆ ಗಾಡಿಗೆ ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಒಬ್ಬನ ಮುಖ ನೋಡಿದರೆ ಅವನ ಮನೆಯಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಾನೆ. ಆದರೂ ನಾನು ಬಾಯಿ ಬಿಡಲಿಲ್ಲ.

ಇಲ್ಲಿ ಗಾಡಿ ಬಂದರೆ ಜನ, ಹೋದರೆ ಕಾಡು. ನಿನ್ನೆ ಪ್ಲಾಟ್‌ಫಾರ್ಮಿನ ತುದಿಗೇ ಆನೆ ಬಂದಿತ್ತು. ಸ್ಟೇಷನ್ ಮಾಸ್ಟರ್ ರಾಜೇಶ್ ಸಾಹೇಬರು ಕೋಣೆಯ ಚಿಲಕ ಹಾಕಿಕೊಂಡು ಒಳಗಿನಿಂದ ನಮಗೆ ಧೈರ್ಯ ಹೇಳಿದರು.

ನೀನು ಏನೇ ಅನ್ನು, ನಿನ್ನ ಮೈಯಲ್ಲಿ ಏನೇನಾಗುತ್ತಿದೆ ಎಂದು ಬರಿ. ತಲೆ ಸುತ್ತಿತು, ಸುತ್ತಲಿಲ್ಲ, ಊಟ ಸೇರಿತು, ಸೇರಲಿಲ್ಲ, ಅಷ್ಟಾದರೂ ಗೊತ್ತಾಗಲಿ. ನೀನು ಅಲ್ಲಿ ಒಬ್ಬಳೇ ಕಾಯುತ್ತೀಯ, ನಾನು ಇಲ್ಲಿ ಬಾವುಟ ಬೀಸುತ್ತೇನೆ. ನನಗೆ ನಾಚಿಕೆಯಾಗುತ್ತದೆ ಹೇಮಾ.

ಭಾರ ಎತ್ತಬೇಡ. ಲೈನ್ ಮನೆಗಳ ಏರು ಹತ್ತುವಾಗ ನಿಧಾನ.

ನಟರಾಜ್


ಹೊಂಗಡಹಳ್ಳ
12 ಮಾರ್ಚ್ 2025

ರೀ,

ಮೊದಲು ಕೂತುಕೊಳ್ಳಿ. ಕೈಯಲ್ಲಿ ಬಾವುಟ ಇದ್ದರೆ ಭೂತಯ್ಯನವರಿಗೆ ಕೊಡಿ.

ನಾಲ್ಕು ದಿನದಿಂದ ಎದೆ ಮುಟ್ಟಿದರೆ ನೋವು. ಮಧ್ಯಾಹ್ನ ಮೀಟಿಂಗಿನಲ್ಲಿ ಕೂತಲ್ಲೇ ತೂಕಡಿಸಿದೆ. ಬೆಳ್ಳುಳ್ಳಿ ಒಗ್ಗರಣೆ ಎಂದರೆ ಪ್ರಾಣ ಬಿಡುತ್ತಿದ್ದವಳು ನಿನ್ನೆ ಬಾಣಲೆ ಬಿಟ್ಟು ಹಿತ್ತಲಿಗೆ ಓಡಿದೆ. ಇದೆಲ್ಲ ಡಾಕ್ಟರಮ್ಮನ ಮಾತ್ರೆಯಿಂದಲೂ ಆಗುತ್ತದೆ, ನನಗೆ ಗೊತ್ತು. ಮುಟ್ಟಿನ ಮುಂಚೆಯೂ ಹೀಗೇ ಆಗುತ್ತದೆ. ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ಸೋಮವಾರ ಎಸ್ಟೇಟಿನ ಲೈನಿನ ಶೀಲಾ ಬಂದು, "ಅಕ್ಕ, ವಾಂತಿ ಬಂದಂಗಾಯ್ತದೆ, ನೋಡ್ಬುಡಿ" ಎಂದಳು. ಮುಟ್ಟಿನ ದಿನ ದಾಟಲಿ ತಾಯಿ, ಅವಸರ ಮಾಡಬೇಡ ಎಂದು ಬುದ್ಧಿ ಹೇಳಿ ಕಳಿಸಿದೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇವತ್ತು ಬೆಳಗ್ಗೆ ನನ್ನ ಚೀಲದಲ್ಲಿದ್ದ ಗರ್ಭ ಪರೀಕ್ಷೆಯ ಕಿಟ್ ತೆಗೆದುಕೊಂಡು ಬಚ್ಚಲಿಗೆ ಹೋದೆ. ಹಿಂದಿನ ಎರಡು ಸಲ ಕಾದಿದ್ದೆ, ಈ ಸಲ ಆಗಲಿಲ್ಲ.

ಎರಡು ಗೆರೆ ಬಂತು ರೀ.

ಎರಡನೆಯದು ಮಸುಕಾಗಿದೆ. ಆದರೆ ಇದೆ. ಕಿಟಕಿಯ ಬೆಳಕಿಗೆ ಹಿಡಿದೆ, ಬಾಗಿಲಿಗೆ ಬಂದು ಹಿಡಿದೆ, ಎಲ್ಲಿ ಹಿಡಿದರೂ ಇದೆ. ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ, ಬೇಗ ನೋಡಿದರೆ ಇದ್ದದ್ದನ್ನು ಇಲ್ಲ ಎಂದು ತೋರಿಸಬಹುದು. ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ ಎಂದು ಯಾರೂ ಹೇಳಿಲ್ಲ. ಅಂದಮೇಲೆ ಇದು ನಿಜ ಅಲ್ಲವೇ?

ಅತ್ತೆಗೆ ಹೇಳಿಲ್ಲ. ಇಪ್ಪತ್ತನೇ ತಾರೀಕು ಡಾಕ್ಟರಮ್ಮನೇ ಹೇಳಲಿ. ನಿಮಗೆ ಮಾತ್ರ ಹೇಳಿದ್ದೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಿ.

ನಿಮ್ಮ
ಹೇಮಾ


ಎಡಕುಮೇರಿ
15 ಮಾರ್ಚ್ 2025

ನನ್ನ ಹೇಮಾ,

ಏನು ಬರೆಯಲಿ! ನಾಲ್ಕು ಹಾಳೆ ಹರಿದು ಹಾಕಿದೆ.

ಯಾರಿಗೂ ಹೇಳಿಲ್ಲ. ಭೂತಯ್ಯ ಒಬ್ಬನನ್ನು ಬಿಟ್ಟು. ಅವನಿಗೆ ನಾನು ಹೇಳಲಿಲ್ಲ, ನನ್ನ ಮುಖ ಹೇಳಿತು. ರಾಜೇಶ್ ಸಾಹೇಬರಿಗೂ ಹೇಳಬೇಕಾಯಿತು, ಯುಗಾದಿಗೆ ರಜೆ ಕೇಳುವಾಗ ಕಾರಣ ಬೇಕಲ್ಲ. ಅವರು ಕೈ ಕುಲುಕಿದರು. ಗುರು ಅಲ್ಲೇ ನಿಂತಿದ್ದ, ಅವನ ಕಿವಿ ಮುಚ್ಚಲು ನನಗೆ ಎರಡೇ ಕೈ. ಬೈಯಬೇಡ.

ಭೂತಯ್ಯ ಸಂಜೆ ಹಳಿಯ ಪಕ್ಕದ ಮರ ಹತ್ತಿ ಕಾಡುಮಾವಿನ ಮಿಡಿ ಕೆಡವಿದ. "ಬಯಕೆ ಹೆಂಗ್ಸಿಗೆ ಇದ್ರ ಮುಂದೆ ಯಾವ್ದೂ ಇಲ್ಲ ಕಣಪ್ಪ, ಕಳ್ಸು" ಎಂದ. ಒಂದು ಹಿಡಿ ಆರಿಸಿ ಟವೆಲ್ಲಿನಲ್ಲಿ ಕಟ್ಟಿ ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಗುರು ಬಸ್ಸಿನವನ ಕೈಗೆ ಕೊಡುತ್ತಾನೆ. ಉಪ್ಪು ಹಚ್ಚಿಕೊಂಡು ತಿನ್ನು.

ನಿನ್ನೆ ಹಳಿಯ ಪಕ್ಕ ನಡೆಯುತ್ತಾ ಒಬ್ಬನೇ ಜೋರಾಗಿ ಮಾತಾಡುತ್ತಿದ್ದೆ. ಯಾರ ಜೊತೆ ಎಂದು ಕೇಳಬೇಡ, ನಿನಗೆ ಗೊತ್ತು.

ನಿನ್ನ
ನಟರಾಜ್


ಹೊಂಗಡಹಳ್ಳ
18 ಮಾರ್ಚ್ 2025

ರೀ,

ನಿಮ್ಮ ತಲೆಯಲ್ಲಿ ಮೆದುಳಿದೆಯೋ ಅದೂ ಕಾಡುಮಾವಿನ ಮಿಡಿಯೋ?

ಬಸ್ಸು ಬಂದಾಗ ನಾನು ಮನೆಯಲ್ಲಿರಲಿಲ್ಲ. ಟವೆಲ್ಲು ಅತ್ತೆಯ ಕೈಗೆ ಹೋಯಿತು. ನಾನು ಬರುವಾಗ ಅವರು ಮಿಡಿಗಳನ್ನು ಮೊರದಲ್ಲಿ ಹರಡಿಕೊಂಡು ಅದರ ಮುಂದೆ ಕೂತಿದ್ದರು. "ಉಪ್ಪಿನಕಾಯ್ಗೆ ಆಗಿದ್ರೆ ನನ್ ಮಗ ಚೀಲ ಕಳಿಸ್ತಿದ್ದ. ಒಂದ್ ಹಿಡಿ ಕಳಿಸವ್ನೆ ಅಂದ್ರೆ ಇದು ಬಾಯ್ರುಚಿಗೆ. ಯಾರ್ ಬಾಯ್ಗೆ ಹೇಳು?" ಎಂದರು. ನಾನು ತಲೆ ತಗ್ಗಿಸಿದೆ. ಅವರು ಎದ್ದು ನನ್ನ ಕೆನ್ನೆ ಸವರಿ ಬೆರಳಿನಲ್ಲಿ ನೆಟಿಕೆ ಮುರಿದರು. ಐದು ವರ್ಷದಲ್ಲಿ ಆ ಕೈ ನನ್ನ ಕೆನ್ನೆಗೆ ಬಂದದ್ದು ಅದೇ ಮೊದಲು.

ಆಮೇಲೆ ಕೇಳಬೇಡಿ. ಸಂಜೆಯೊಳಗೆ ಹುಲಿಯಮ್ಮನಿಗೆ ಗೊತ್ತು, ಹುಲಿಯಮ್ಮನಿಗೆ ಗೊತ್ತಾದ ಮೇಲೆ ಬಿಸಿಲೆ ಘಾಟಿಯ ಕಲ್ಲಿಗೂ ಗೊತ್ತು. ದೇವರಿಗೆ ಹರಕೆ ಆಗಿದೆ. ನೀರಿನ ಕೊಡ ನಾನು ಎತ್ತುವಂತಿಲ್ಲ. ರಾಗಿ ಮುದ್ದೆ ತಿರುವಲೂ ಬಿಡುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಅದಕ್ಕೆ ನೀವು ಬಟ್ಟೆ ಕಳಿಸಿದಿರಿ.

ಮಿಡಿ ಚೆನ್ನಾಗಿತ್ತು. ಮೂರು ತಿಂದೆ.

ಬೆಳಗ್ಗೆ ಇನ್ನೊಂದು ಕಿಟ್ ತೆಗೆದಿದ್ದೆ. ಅದು ತೇವ ತಗುಲಿ ಕೆಟ್ಟಿತ್ತೆಂದು ಕಾಣುತ್ತದೆ. ಎಸೆದೆ. ನಾಡಿದ್ದು ಹಾಸನಕ್ಕೆ ಹೋಗುತ್ತೇನೆ. ಅತ್ತೆ ಬರುತ್ತೇನೆ ಎಂದರು, ಬೇಡ ಎಂದೆ.

ಹೇಮಾ


ಎಡಕುಮೇರಿ
22 ಮಾರ್ಚ್ 2025

ಹೇಮಾ,

ಯುಗಾದಿಗೆ ರಜೆ ಸಿಕ್ಕಿತು! ಹಬ್ಬದ ದಿನ ಬೆಳಗ್ಗೆಯೇ ಹೊರಡುತ್ತೇನೆ.

ನಿನ್ನ ಬೈಗುಳ ಓದಿ ಭೂತಯ್ಯನಿಗೂ ಓದಿ ಹೇಳಿದೆ, ಇಬ್ಬರೂ ನಕ್ಕೆವು. ಅಮ್ಮ ಕೆನ್ನೆ ಸವರಿದಳು ಎಂದೆಯಲ್ಲ, ಅದನ್ನು ಮಾತ್ರ ಅವನಿಗೆ ಓದದೆ ನಾನೊಬ್ಬನೇ ಎರಡು ಸಲ ಓದಿಕೊಂಡೆ. ಅವಳು ನನಗೂ ಹಾಗೆ ಮಾಡಿದವಳಲ್ಲ.

ಕೆಟ್ಟ ಕಿಟ್ ಎಸೆದದ್ದು ಸರಿ. ಹಾಸನಕ್ಕೆ ಹೋದೆಯಾ? ಡಾಕ್ಟರಮ್ಮ ಏನೆಂದರು? ನಿನ್ನ ಕಾಗದ ಇವತ್ತು ಬರಬೇಕಿತ್ತು, ಗುರು ಖಾಲಿ ಕೈ ತೋರಿಸಿದ. ಸುಸ್ತಿರಬೇಕು, ಮಲಗಿರುತ್ತೀಯ. ಮಲಗು. ಪುರುಸೊತ್ತಾದಾಗ ಬರಿ.

ಹೆಸರು ಈಗಲೇ ಯೋಚಿಸಬಾರದಂತೆ. ಅದಕ್ಕೆ ನಾನು ಯೋಚಿಸಿದ್ದನ್ನು ಬರೆಯುತ್ತಿಲ್ಲ.

ನಟರಾಜ್


ಹೊಂಗಡಹಳ್ಳ
24 ಮಾರ್ಚ್ 2025

ರೀ,

ನಿಮ್ಮ ಪತ್ರ ತಲುಪಿತು. ಇಲ್ಲಿ ಎಲ್ಲ ಚೆನ್ನಾಗಿದೆ. ಒಂದು ಮಳೆ ಬಿತ್ತು, ತೋಟದಲ್ಲಿ ಹೂವು ಬಂದಿದೆ. ಅತ್ತೆ ಆರೋಗ್ಯವಾಗಿದ್ದಾರೆ. ಇವತ್ತೂ ಅಡುಗೆ ನಾನೇ ಮಾಡಿದೆ. ಹಬ್ಬಕ್ಕೆ ಮನೆ ಸಾರಿಸುವ ಕೆಲಸ ಇದೆ.

ರಜೆ ತೊಂದರೆಯಾಗುವುದಾದರೆ ಬರಲೇಬೇಕೆಂದಿಲ್ಲ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಹೇಮಶ್ರೀ


ಎಡಕುಮೇರಿ
26 ಮಾರ್ಚ್ 2025

ಹೇಮಾ,

ನಿನ್ನ ಪತ್ರದಲ್ಲಿ ಒಂದು ಬೈಗುಳವೂ ಇಲ್ಲ. ಮೂರು ಸಲ ಹುಡುಕಿದೆ.

ಮೊದಲು ಮಿಡಿ ಕಳಿಸಿದ್ದಕ್ಕೆ ಇನ್ನೂ ಕೋಪ ಎಂದುಕೊಂಡೆ. ಕೋಪ ಬಂದರೆ ನೀನು ಎರಡು ಹಾಳೆ ಬರೆಯುತ್ತೀಯ. ಆಮೇಲೆ ಸುಸ್ತು ಎಂದುಕೊಂಡೆ. ಸುಸ್ತಾದವಳು ಮನೆ ಸಾರಿಸುತ್ತೇನೆ ಎಂದು ಬರೆಯುವುದಿಲ್ಲ. ಹಾಸನದ ವಿಷಯ ಕೇಳಿದ್ದೆ, ನೀನು ಮಳೆಯ ವಿಷಯ ಬರೆದಿದ್ದೀಯ.

ಏನಾಗಿದೆ ಎಂದು ನಾನು ಊಹಿಸಿದ್ದೇನೆ. ನನ್ನ ಊಹೆ ಸುಳ್ಳಾದರೆ ಚೆನ್ನಾಗಿ ಉಗಿ. ನಿಜವಾದರೂ ಬರಿ. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ ಎಂದು ನೀನು ನನ್ನ ಮುಂದೆ ಬಾಯಿ ಮುಚ್ಚಿಕೊಂಡಿದ್ದರೆ ಅದು ನನ್ನ ತಪ್ಪು, ನಿನ್ನದಲ್ಲ.

ಬರಿ ಹೇಮಾ. ನನಗೆ ಭಯವಾಗುತ್ತಿದೆ.

ನಟರಾಜ್


ಹೊಂಗಡಹಳ್ಳ
27 ಮಾರ್ಚ್ 2025

ರೀ,

ಇಲ್ಲ. ಮಗು ಇಲ್ಲ.

ಇರಲೇ ಇಲ್ಲ ಎಂದರು ಡಾಕ್ಟರಮ್ಮ. ರಕ್ತದಲ್ಲಿ ಏನೂ ಕಾಣಲಿಲ್ಲ. ಎರಡು ಗೆರೆ ಬಂದಿತ್ತಲ್ಲ ಮೇಡಂ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಅದು ನಾವು ಕೊಟ್ಟ ಇಂಜೆಕ್ಷನ್ ಕಣಮ್ಮ. ಗರ್ಭ ನಿಂತಾಗ ಮೈಯಲ್ಲಿ ಬರೋ ಅಂಶವೇ ಅದರಲ್ಲಿರೋದು. ಅದು ಪೂರ್ತಿ ಇಳಿಯೋವರೆಗೆ ಕಿಟ್ ಹಾಗೇ ತೋರಿಸುತ್ತೆ. ಅದಕ್ಕೇ ನೋಡ್ಬೇಡ ಅಂದಿದ್ದು. ಯಾಕೆ ಅಂತ ನಾನು ಬಿಡಿಸಿ ಹೇಳ್ಬೇಕಿತ್ತು" ಎಂದರು. ಎದೆ ನೋವು, ನಿದ್ದೆ, ವಾಕರಿಕೆ ಎಲ್ಲ ಮಾತ್ರೆಯದ್ದಂತೆ. ನಾನು ಒಂದು ಇಂಜೆಕ್ಷನ್ನಿಗೆ ಎಂಟು ದಿನ ತಾಯಿಯಾಗಿದ್ದೆ ರೀ. ಎರಡನೆಯ ಕಿಟ್ ತೇವವೂ ಆಗಿರಲಿಲ್ಲ, ಏನೂ ಆಗಿರಲಿಲ್ಲ. ಅದರಲ್ಲಿ ಒಂದೇ ಗೆರೆ ಇತ್ತು. ಅವತ್ತೇ ಗೊತ್ತಾಗಿತ್ತು, ನಿಮಗೆ ಸುಳ್ಳು ಬರೆದೆ.

ಹಾಸನದಿಂದ ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕೂತ ಅಜ್ಜಿ ಕಿತ್ತಳೆ ಕೊಟ್ಟಳು, ತಿಂದೆ. ಅಳು ಬರಲಿಲ್ಲ. ಮರುದಿನ ಶೀಲಾಗೆ ಪರೀಕ್ಷೆ ಮಾಡಿದೆ. ಅವಳ ದಿನ ದಾಟಿತ್ತು. ಎರಡನೆಯ ಗೆರೆ ಕುಂಕುಮದಷ್ಟು ಕೆಂಪಗೆ ಬಂತು. ಅವಳಿಗೆ ಸಕ್ಕರೆ ತಿನ್ನಿಸಿ, ತಾಯಿ ಕಾರ್ಡ್ ಬರೆದುಕೊಟ್ಟು, ಮನೆಗೆ ಬರುವ ದಾರಿಯಲ್ಲಿ ತೋಟದ ಬೇಲಿ ಹಿಡಿದು ನಿಂತೆ. ಅಲ್ಲಿ ಅಳು ಬಂತು.

ಭಾನುವಾರ ಮುಟ್ಟಾಯಿತು. ಪಕ್ಕದ ಕೋಣೆಗೆ ಹೋಗಬೇಕಿತ್ತು. ಚಾಪೆ ತೆಗೆದುಕೊಂಡು ಹೊರಟೂ ಇದ್ದೆ. ಅಷ್ಟರಲ್ಲಿ ಅತ್ತೆ ಹಿತ್ತಲಿನಲ್ಲಿ ಹುಲಿಯಮ್ಮನಿಗೆ, "ನನ್ ಸೊಸೆ ಮೈ ಬಣ್ಣ ನೋಡೇ, ಗಂಡೇ ಆಗ್ತದೆ" ಎನ್ನುತ್ತಿದ್ದರು. ಆ ದನಿ ಕೇಳಿ ಚಾಪೆ ಇಟ್ಟು ಒಲೆ ಹಚ್ಚಿದೆ. ಕಾಫಿ ಕಾಸಿದೆ, ರೊಟ್ಟಿ ತಟ್ಟಿದೆ, ಸಾರು ಮಾಡಿದೆ. ಸೋಮವಾರವೂ ಮಾಡಿದೆ. ಅತ್ತೆ ಉಂಡು, ಚೆನ್ನಾಗೈತೆ ಎಂದರು. ಪ್ರತಿ ತುತ್ತಿಗೂ ನನ್ನ ಜೀವ ಹೋಗುತ್ತಿತ್ತು. ನಿಮಗೆ ಆ ಕೆಟ್ಟ ಪತ್ರ ಬರೆದದ್ದು ಅವತ್ತೇ.

ಮಂಗಳವಾರ ಸಂಜೆ ಅತ್ತೆ, "ಕೈ ತೊಳ್ಕಂಡು ದೇವ್ರಿಗೆ ದೀಪ ಹಚ್ಚವ್ವ" ಎಂದರು. ಒಲೆ ಮುಟ್ಟಿದ ಕೈ ಅಲ್ಲಿಗೆ ಮಾತ್ರ ಹೋಗಲಿಲ್ಲ. ನೀವೇ ಹಚ್ಚಿ ಅತ್ತೆ ಎಂದೆ. ಅವರು ನನ್ನ ಮುಖ ನೋಡಿದರು.

"ಯಾವತ್ತಿಂದ?"

"ಭಾನುವಾರದಿಂದ."

"ಮೂರ್ ದಿನ್ದಿಂದ ನೀನೇ ಅಡ್ಗೆ ಮಾಡ್ದಾ?"

"ಹೂಂ."

ಹೊಸ್ತಿಲ ಮೇಲೆ ಕುಸಿದು ಕೂತರು. ಬೈಗುಳಕ್ಕೆ ಕಾಯುತ್ತಾ ನಿಂತೆ. ಬರಲಿಲ್ಲ. "ಊರಿಗೆಲ್ಲ ನಾನೇ ಸಾರ್ಕಂಡ್ ಬಂದೆನಲ್ಲೇ. ಈಗ ನಿನ್ನ ಆ ಕ್ವಾಣೇಲಿ ಕೂರ್ಸಿದ್ರೆ ಒಬ್ಬೊಬ್ರಾಗಿ ಬಂದು ನೋಡ್ಕಂಡ್ ಹೋಗ್ತಾರೆ" ಎಂದರು. ಅಷ್ಟು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅದೇ ಹೊತ್ತಿಗೆ ಹುಲಿಯಮ್ಮ ಬರಬೇಕೇ! ನನಗೆಂದು ಎಳ್ಳುಂಡೆ ಹಿಡಿದು ಬಂದಳು. ಪಾಪ, ಅವಳೂ ಪ್ರೀತಿಯಿಂದಲೇ ತಂದಿದ್ದಳು. ನನಗೆ ಪಕ್ಕದ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಿತು. ಅತ್ತೆ ಮಾತ್ರ ಗಟ್ಟಿಯಾಗಿ, "ಹೇಮಾ, ನಮ್ಮಿಬ್ರಿಗೂ ಕಾಫಿ ಕಾಸ್ಕಂಡ್ ಬಾ" ಎಂದರು. ಕಾಸಿ ತಂದೆ. ಇಬ್ಬರೂ ಕುಡಿದರು. ಹುಲಿಯಮ್ಮ ಅರ್ಧ ಲೋಟ ಮುಗಿಸಿದ ಮೇಲೆ ಅತ್ತೆ ಹೇಳಿದರು, "ಈ ಸಲ ನಿಂತಿಲ್ಲ ಕಣೇ ಹುಲಿಯಮ್ಮ. ಭಾನುವಾರ ಮುಟ್ಟಾಗವ್ಳೆ."

ಹುಲಿಯಮ್ಮ ನನ್ನನ್ನು ನೋಡಿದಳು, ಒಲೆ ನೋಡಿದಳು, ಕೈಯಲ್ಲಿದ್ದ ಲೋಟ ನೋಡಿದಳು. ಬಾಯಲ್ಲಿದ್ದ ಗುಟುಕು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಕುಡಿ ಕುಡಿ, ಏನೂ ಆಗಕಿಲ್ಲ. ಮೂರ್ ದಿನ್ದಿಂದ ನಾನೂ ಉಂಡಿದೀನಿ, ಇನ್ನೂ ಸತ್ತಿಲ್ಲ" ಎಂದರು ಅತ್ತೆ. "ಇನ್ಮೇಲೆ ನಮ್ಮನೇಲಿ ಯಾರೂ ಆ ಕ್ವಾಣೇಲಿ ಕೂರಲ್ಲ. ನನ್ ಸೊಸೆ ತಿಂಗ್ಳು ನೀನೂ ಎಣ್ಸಬ್ಯಾಡ, ನಾನೂ ಎಣ್ಸಲ್ಲ."

ಹುಲಿಯಮ್ಮ ಕುಡಿದಳು ರೀ! ಕುಡಿದು, ಎಳ್ಳುಂಡೆ ನನ್ನ ಕೈಗಿಟ್ಟು, "ತಿನ್ನವ್ವ, ಮುಟ್ಟಿನ್ ಟೈಮಲ್ಲೂ ಎಳ್ಳು ಒಳ್ಳೇದೆ" ಎಂದು ಹೋದಳು. ನಾನು ನಕ್ಕೆ, ನಗುತ್ತಾ ಅಳತೊಡಗಿದೆ, ನಿಲ್ಲಿಸಲು ಆಗಲೇ ಇಲ್ಲ. ಅತ್ತೆ ತಲೆ ಸವರುತ್ತಾ ಪಕ್ಕದಲ್ಲೇ ಕೂತಿದ್ದರು.

ಡಾಕ್ಟರಮ್ಮ ಮೂರು ತಿಂಗಳು ಮೈಗೆ ವಿಶ್ರಾಂತಿ ಕೊಡು ಎಂದಿದ್ದಾರೆ. ಆಮೇಲೆ ಏನು ಎಂದು ನನಗೆ ಗೊತ್ತಿಲ್ಲ. ಎಲ್ಲರಿಗೂ ಹೇಳಿಯಾಗಿದೆ, ನಿಮ್ಮ ಮುಖ ಒಂದನ್ನು ಹೇಗೆ ನೋಡಲಿ ಎಂದೇ ಹೆದರಿಕೆ. ಅದಕ್ಕೇ ಬರಬೇಡಿ ಎಂದು ಬರೆದದ್ದು.

ಹೇಮಾ


ಎಡಕುಮೇರಿ
28 ಮಾರ್ಚ್ 2025

ಹೇಮಾ,

ಪತ್ರ ಓದಿ ಹಳಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ಭೂತಯ್ಯ ಏನೂ ಕೇಳದೆ ನನ್ನ ಕೈಯಿಂದ ಬಾವುಟ ತೆಗೆದುಕೊಂಡು ಹೋಗಿ ಗಾಡಿ ಕಳಿಸಿ ಬಂದ. ನಾನು ಅತ್ತುಬಿಟ್ಟೆ ಹೇಮಾ, ಸುಳ್ಳು ಹೇಳುವುದಿಲ್ಲ. ಹೆಸರು ಕೂಡ ಇಟ್ಟಿದ್ದೆ.

ಆದರೆ ನಿಜ ಹೇಳಲೇ? ಇಲ್ಲದ ಮಗುವಿಗಿಂತ ಆ ಬಸ್ಸು ನನ್ನನ್ನು ಹೆಚ್ಚು ಸುಡುತ್ತಿದೆ. ಹಾಸನದಿಂದ ಹೊಂಗಡಹಳ್ಳದವರೆಗೆ ಅಷ್ಟು ದೂರ, ನಿನ್ನ ಪಕ್ಕದಲ್ಲಿ ಯಾವುದೋ ಊರಿನ ಅಜ್ಜಿ. ಅಲ್ಲಿ ಕೂರಬೇಕಾದವನು ನಾನು. ಇನ್ನು ಮುಂದೆ ಚಿಕಿತ್ಸೆ ಬೇಕೋ ಬೇಡವೋ ನೀನು ಹೇಳು. ಬೇಕೆಂದರೆ ಕಾಯುವ ದಿನಗಳಿಗೆ ನಾನು ರಜೆ ಹಾಕುತ್ತೇನೆ. ಬೇಡವೆಂದರೆ ಬೇಡ, ನಾನು ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ನನ್ನ ಮುಖ ನೋಡಲು ಹೆದರಿಕೆ ಎಂದು ಬರೆದಿದ್ದೀಯ. ಆ ಮಾತು ಓದಿ ಹಬ್ಬದವರೆಗೆ ಇಲ್ಲಿ ಕೂರಲು ನನ್ನಿಂದಾಗಲಿಲ್ಲ. ರಾಜೇಶ್ ಸಾಹೇಬರು ಕಾರಣ ಕೇಳಲಿಲ್ಲ, ಹೊರಡು ಎಂದರು.

ಈ ಪತ್ರವನ್ನು ಗುರುವಿನ ಕೈಗೆ ಕೊಡುತ್ತಿಲ್ಲ. ಅವನ ಡಬ್ಬಿಯಲ್ಲೇ ಕೂತು ಬರೆಯುತ್ತಿದ್ದೇನೆ, ಗಾಡಿ ಹೊರಟಿದೆ, ಅದಕ್ಕೇ ಅಕ್ಷರ ಹೀಗಿದೆ. ಬಾಯಲ್ಲಿ ಹೇಳಲು ಹೋದರೆ ಇದರಲ್ಲಿ ಅರ್ಧವೂ ಹೇಳಲಾರೆ ಎಂದು ಬರೆದು ತರುತ್ತಿದ್ದೇನೆ. ಓದಿ ಮುಗಿಸಿ ತಲೆ ಎತ್ತು. ಎದುರಿಗೇ ನಿಂತಿರುತ್ತೇನೆ.

ನಟರಾಜ್